ಮುರುಗಲ ತುಪ್ಪದ ಲಿಪ್ ಬಾಮ್‌ಗೆ ಪೇಟೆಂಟ್ ಸಿಗುತ್ತಾ?

ಸಾಗರದ ಮನೆಯಲ್ಲೇ ಮುರುಗಲ ತುಪ್ಪಕ್ಕೆ (ಕೋಕಂ ಬೀಜದ ಗಟ್ಟಿ ಕೊಬ್ಬು) ಜೇನುಮೇಣ ಸೇರಿಸಿ ಲಿಪ್ ಬಾಮ್ ಮಾಡಿದ್ದೀನಿ, ಪೇಟೆಂಟ್ ಸಿಗುತ್ತಾ ಅಂತ ಕೇಳಿದ್ದೀರಿ. ಇಷ್ಟೇ ಆದರೆ ಕಷ್ಟ ಮೇಡಂ. ನಮ್ಮಜ್ಜಿ ಚಳಿಗಾಲ ಬಂತೆಂದರೆ ಆ ತುಪ್ಪದ ಗಟ್ಟಿ ಉಂಡೆಯನ್ನು ದೀಪದ ಬಿಸಿಗೆ ಹಿಡಿದು ಹಿಮ್ಮಡಿ ಒಡಕಿಗೆ ಒತ್ತುತ್ತಿದ್ದರು. ಇಂಥ ಹಳೇ ತಿಳಿವಳಿಕೆಗೆ 1970ರ ಪೇಟೆಂಟ್ ಕಾಯ್ದೆಯ 3(ಪಿ) ಕಲಂ ಅಡ್ಡ ಬರುತ್ತದೆ. ಸುಮ್ನೆ ಎರಡು ಪದಾರ್ಥ ಬೆರೆಸಿದರೆ ತಡೆಯಲು 3(ಇ) ಕಲಂ ಇದೆ.

ಬೇಸಿಗೆಯಲ್ಲೂ ಕರಗದ ಹಾಗೆ ಏನಾದರೂ ಹೊಸ ವಿಧಾನ ಕಂಡುಕೊಂಡಿದ್ದೀರಾ? ಪರೀಕ್ಷೆಯ ಅಂಕಿ ಸಮೇತ ತೋರಿಸಿದರೆ ದಾರಿ ಉಂಟು. ಅರ್ಜಿಗೆ ಮೊದಲೇ ಸಂತೆಯಲ್ಲಿ ಮಾರಬೇಡಿ, ವಿಡಿಯೋದಲ್ಲಿ ಗುಟ್ಟು ಬಿಡಬೇಡಿ. ಹೊಸತನ ಅಲ್ಲೇ ಹೋಗುತ್ತದೆ! ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನನ್ನ ಕೇಳಿದರೆ, ಮೊದಲು ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ, ಸೌಂದರ್ಯವರ್ಧಕಗಳ 3ನೇ ವರ್ಗದಲ್ಲಿ.