ಬಫರ್‌ನಲ್ಲಿ ಕಂಡ ಪೀಕ್ ಸೀರಮ್‌ನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್‌ನಲ್ಲಿ ವೋಲ್ಟೇಜ್ ಏರಿಸುತ್ತಾ ಕರೆಂಟ್ ನೋಡಿ ಎಸ್ಟ್ರಾಡಯಾಲ್ ಎಂಬ ಹಾರ್ಮೋನ್ ಅಳೆಯುತ್ತಿದ್ದೇವೆ. ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ ಮೊದಲ ಸ್ಕ್ಯಾನಿಗೆ ಒಳ್ಳೆಯ ಪೀಕ್ (ಕರೆಂಟಿನ ಏರು), ಎರಡನೆಯದಕ್ಕೆ ಅದರರ್ಧ. ಎಸ್ಟ್ರಾಡಯಾಲನ್ನು 20 ಮೈಕ್ರೋಮೋಲಾರ್ ಆಗುವಂತೆ ಬೆರೆಸಿದ ಸೀರಮ್‌ನಲ್ಲಿ (ರಕ್ತದ ತಿಳಿದ್ರವದಲ್ಲಿ) ಪೀಕೇ ಇಲ್ಲ. ಉಪಕರಣ ಕೆಟ್ಟಿದೆಯೇ?

ಉತ್ತರ: ಉಪಕರಣವನ್ನು ದೂರುವ ಮೊದಲು ಎಲೆಕ್ಟ್ರೋಡಿನ ಮೈ ನೋಡಿ. ಎಸ್ಟ್ರಾಡಯಾಲ್‌ನ ಫೀನಾಲ್ ಭಾಗ ಆಕ್ಸಿಡೀಕರಣಗೊಂಡಾಗ (ಎಲೆಕ್ಟ್ರಾನ್ ಕಳೆದುಕೊಂಡಾಗ) ಹುಟ್ಟುವ ಚುರುಕು ತುಣುಕುಗಳಾದ ರ‍್ಯಾಡಿಕಲ್‌ಗಳು ಒಂದಕ್ಕೊಂದು ಬೆಸೆದು, ವಿದ್ಯುತ್ ಹರಿಯಗೊಡದ ಪೊರೆಯಾಗಿ ಅಲ್ಲೇ ಕೂರುತ್ತವೆ. ಎರಡನೆಯ ಸ್ಕ್ಯಾನ್ ಕುಗ್ಗುವುದು ಅದರಿಂದ. ಆದ್ದರಿಂದ ಪ್ರತಿ ಅಳತೆಗೂ ಮುನ್ನ 0.05 ಮೈಕ್ರಾನ್ ಅಲ್ಯುಮಿನಾದಲ್ಲಿ ಉಜ್ಜಿ, ನೀರಿನಲ್ಲೂ ಎಥನಾಲ್‌ನಲ್ಲೂ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ತೊಳೆಯಿರಿ). ಗೀರು ಬಿದ್ದಿದ್ದರೆ 0.3 ಮೈಕ್ರಾನ್‌ನಿಂದ ಶುರುಮಾಡಿ. ಉಜ್ಜಿದ್ದು ಸಾಕೇ ಎಂದು ತಿಳಿಯಲು ಫೆರಿಸಯನೈಡ್ ದ್ರಾವಣದಲ್ಲಿ ಸ್ಕ್ಯಾನ್ ಮಾಡಿ; ವೋಲ್ಟೇಜ್ ಏರುವಾಗಿನ ಮತ್ತು ಇಳಿಯುವಾಗಿನ ಎರಡು ಪೀಕ್‌ಗಳ ಅಂತರ ಸುಮಾರು 100 ಮಿಲಿವೋಲ್ಟ್ ಮೀರಿದರೆ ಮತ್ತೆ ಉಜ್ಜುವುದೇ ಸರಿ.

ಸೀರಮ್‌ನಲ್ಲಿ ತೊಂದರೆ ಎರಡು. ಪ್ರೋಟೀನ್ ಎಲೆಕ್ಟ್ರೋಡನ್ನು ಮುಚ್ಚುತ್ತದೆ. ಹಾರ್ಮೋನಿನ ಬಹುಪಾಲು ಆಲ್ಬ್ಯುಮಿನ್ ಮುಂತಾದವುಗಳಿಗೆ ಅಂಟಿಕೊಂಡಿರುತ್ತದೆ. ಒಂದು ಪಾಲು ಸೀರಮ್‌ಗೆ ಎರಡು ಪಾಲು ಅಸಿಟೋನೈಟ್ರೈಲ್ ಸೇರಿಸಿ ಚೆನ್ನಾಗಿ ಕದಡಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬಫರ್‌ನಲ್ಲಿ ಐದು ಪಟ್ಟು ತೆಳುಗೊಳಿಸಿ. ಈಗ ನಿಮ್ಮ 20 ಮೈಕ್ರೋಮೋಲಾರ್ ಸುಮಾರು 1.3ಕ್ಕೆ ಇಳಿದಿರುತ್ತದೆ, ಲೆಕ್ಕದಲ್ಲಿ ಮರೆಯಬೇಡಿ. ಸೀರಮ್‌ನಲ್ಲಿರುವ ಯೂರಿಕ್ ಆಮ್ಲದ ಪೀಕ್ ಎಸ್ಟ್ರಾಡಯಾಲಿನದಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ ಬರುತ್ತದೆ. ಅದನ್ನೇ ಹಾರ್ಮೋನ್ ಎಂದು ಸಂಭ್ರಮಿಸುವವರು ಕಡಿಮೆಯಿಲ್ಲ! ಎಸ್ಟ್ರಾಡಯಾಲ್ ಬೆರೆಸದ ಸೀರಮನ್ನೂ ಹೀಗೆಯೇ ಸಿದ್ಧಪಡಿಸಿ, ಪಕ್ಕಕ್ಕಿಟ್ಟು ಹೋಲಿಸಿ.

ಬಫರ್‌ನಲ್ಲಿ ಎಳೆದ ಕ್ಯಾಲಿಬ್ರೇಶನ್ ಗೆರೆ (ಯಾವ ಸಾಂದ್ರತೆಗೆ ಎಷ್ಟು ಕರೆಂಟ್ ಎಂದು ತೋರುವುದು) ಇಲ್ಲಿಗೆ ಹೊಂದದು; ಗೊತ್ತಿರುವ ಪ್ರಮಾಣವನ್ನು ಮಾದರಿಗೇ ಸೇರಿಸಿ ಅಳೆಯಬೇಕು. 2.7 ಮಿಲಿಗ್ರಾಂ ಎಸ್ಟ್ರಾಡಯಾಲ್ 10 ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. 10 ಮಿಲಿಲೀಟರ್ ಮಾದರಿಗೆ ಇದರ 10 ಮೈಕ್ರೋಲೀಟರ್ ಹಾಕಿದಾಗಲೆಲ್ಲ ಸಾಂದ್ರತೆ 1 ಮೈಕ್ರೋಮೋಲಾರ್ ಏರುತ್ತದೆ. ಮೂರು ಸಲ ಹೀಗೆ ಸೇರಿಸಿ, ಪ್ರತಿ ಸಲವೂ ಉಜ್ಜಿದ ಎಲೆಕ್ಟ್ರೋಡ್‌ನಲ್ಲಿ ಅಳೆದು, ಗೆರೆಯನ್ನು ಕರೆಂಟ್ ಸೊನ್ನೆಯಾಗುವವರೆಗೆ ಹಿಂದಕ್ಕೆ ಚಾಚಿ ಮೂಲ ಪ್ರಮಾಣ ಓದಿ.

ಇಷ್ಟಾದರೂ ಇದು ಬೆರೆಸಿದ ಮಾದರಿಯ ಅಳತೆ ಮಾತ್ರ. ರಕ್ತದಲ್ಲಿ ಸಹಜವಾಗಿರುವ ಎಸ್ಟ್ರಾಡಯಾಲ್ ಮಿಲಿಲೀಟರಿಗೆ ಪಿಕೋಗ್ರಾಂ ಲೆಕ್ಕದ್ದು. 100 ಪಿಕೋಗ್ರಾಂ ಎಂದರೂ 0.37 ನ್ಯಾನೋಮೋಲಾರ್. ಬರಿಯ ಕಾರ್ಬನ್ ಎಲೆಕ್ಟ್ರೋಡಿಗೆ ಅದು ಎಟುಕುವುದಿಲ್ಲ.

ಪ್ರಶ್ನೆ: ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ಹೀಗೆಯೇ ಅಳೆಯಬಹುದೇ?

ಉತ್ತರ: ಆಗದು. ಅದರಲ್ಲಿ ಫೀನಾಲ್ ಭಾಗವಿಲ್ಲ, ಈ ವೋಲ್ಟೇಜುಗಳಲ್ಲಿ ಪೀಕ್ ಕೊಡುವುದಿಲ್ಲ. ಎಲೆಕ್ಟ್ರೋಡಿನ ಮೇಲೆ ಪ್ರತಿಕಾಯ ಅಥವಾ ಆಪ್ಟಮರ್ (ಗುರಿಯ ಅಣುವನ್ನು ಹಿಡಿಯುವ ಡಿಎನ್ಎ ಅಥವಾ ಆರ್‌ಎನ್ಎ ತುಣುಕು) ಕೂರಿಸಿ, ಕಾರ್ಟಿಸಾಲ್ ಬಂದು ಕೂತಾಗ ಫೆರಿಸಯನೈಡ್‌ನ ಕರೆಂಟ್ ಎಷ್ಟು ಬದಲಾಯಿತೆಂದು ನೋಡಬೇಕು. ಯಾವುದೋ ಪ್ರೋಟೀನ್ ಅಂಟಿದರೂ ಕರೆಂಟ್ ಇಳಿಯುತ್ತದೆ; ಹಾಗಾಗಿ ಪ್ರತಿಕಾಯವಿಲ್ಲದ ಇನ್ನೊಂದು ಎಲೆಕ್ಟ್ರೋಡನ್ನು ಜೊತೆಗೇ ಓಡಿಸಿ. ಸೀರಮ್‌ಗಿಂತ ಪ್ರೋಟೀನ್ ಕಡಿಮೆಯಿರುವ ಜೊಲ್ಲಿನಿಂದ ಆರಂಭಿಸುವುದು ಸುಲಭ. ಸಂಗ್ರಹಿಸಿದ ಹೊತ್ತನ್ನು ಬರೆದಿಡಿ: ಬೆಳಗಿನ ಮಟ್ಟಕ್ಕೂ ರಾತ್ರಿಯದಕ್ಕೂ ಬಹಳ ಅಂತರವಿರುತ್ತದೆ.