ಪ್ರತಿಕ್ರಿಯೆ: ನಮ್ಮ ಅಭ್ಯರ್ಥಿ ಸೋತ ಮೇಲೆ ನಿದ್ದೆ ಬರುತ್ತಿಲ್ಲ
ಎಂಟು ದಿನವಾದರೂ ನಿಮಗೆ ನಿದ್ದೆ ಬಾರದಿರುವುದಕ್ಕೆ ಸೋಲೊಂದೇ ಕಾರಣವಲ್ಲ ಅನಿಸುತ್ತದೆ. ಮೂರು ವಾರ ಪ್ರಚಾರಕ್ಕೆ ಮನೆಮನೆ ಸುತ್ತಿದವರಿಗೆ ಮರುದಿನದಿಂದ ಏನೂ ಕೆಲಸವೇ ಇಲ್ಲ. ಅದರ ಮೇಲೆ ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ಫಲಿತಾಂಶದ ಚರ್ಚೆ ನೋಡುತ್ತೇನೆ ಅಂತ ನೀವೇ ಬರೆದಿದ್ದೀರಿ.

ಮೊದಲು ಅದನ್ನು ನಿಲ್ಲಿಸಿ. ಏರಿಯಾದ ವಾಟ್ಸಾಪ್ ಗ್ರೂಪ್‌ಗಳನ್ನು ಒಂದು ವಾರ ಮ್ಯೂಟ್ ಮಾಡಿ. ಬ್ಯಾಗಿನಲ್ಲಿ ಉಳಿದ ಕರಪತ್ರ, ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಮತದಾರರ ಪಟ್ಟಿ ಕಣ್ಣಿಗೆ ಬೀಳದಂತೆ ಎತ್ತಿಡಿ. ಪಟ್ಟಿಯನ್ನು ಎಸೆಯಬೇಡಿ, ಬೇಕಾಗುತ್ತದೆ.

ಆಮೇಲೆ, ನಿಮ್ಮ ಜೊತೆ ಮಾತು ಬಿಟ್ಟಿದ್ದಾರೆ ಅಂತ ನೀವು ಬರೆದ ಭಾವನಿಗೆ ಫೋನ್ ಮಾಡಿ. ಚುನಾವಣೆ ಮಾತೇ ಎತ್ತಬೇಡಿ. "ಭಾನುವಾರ ಊಟಕ್ಕೆ ಬನ್ನಿ ಭಾವ" ಅಂದರೆ ಸಾಕು. ಅವರು ಕೆಣಕುತ್ತಾರೋ ಇಲ್ಲವೋ ನಾನು ಹೇಳಲಾರೆ. ಕೆಣಕಿದರೆ ಕಾಫಿ ಮಾಡಲು ಎದ್ದು ಹೋಗಿ.

ನಾನೂ ಹೀಗೇ ಸಂಕಟಪಟ್ಟಾಗ ನಿಜವಾಗಿ ನೆರವಾದದ್ದು ಮುಂದಿನದು. ಮನಸ್ಸು ಸ್ವಲ್ಪ ತಿಳಿಯಾದ ಮೇಲೆ ಕರ್ನಾಟಕ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಫಾರಂ 20 ಹುಡುಕಿ. ಅದನ್ನು ಅಲ್ಲಿ ಹಾಕಲು ಅವರಿಗೆ ಕೆಲವು ದಿನ ಹಿಡಿಯಬಹುದು. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಅಂತ ಅದರಲ್ಲಿರುತ್ತದೆ. ಎತ್ತಿಟ್ಟ ಪಟ್ಟಿ ತೆಗೆದು, ನೀವು ಸುತ್ತಿದ ಬೀದಿಗಳ ಮತಗಟ್ಟೆ ನೋಡಿ. ನಾನು ನೋಡಿದಾಗ ನಾವು ಸುತ್ತಿದ್ದ ಎರಡು ಮತಗಟ್ಟೆಗಳಲ್ಲಿ ನಮ್ಮವರೇ ಮುಂದಿದ್ದರು. ಸುಮ್ನೆ ಸುತ್ತಿದೆವು ಅನ್ನೋ ಸಂಕಟ ಅಲ್ಲೇ ಇಳಿಯಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಗೆಲುವು ಘೋಷಣೆಯಾದದ್ದು ಬರೀ 16 ಮತದ ಅಂತರದಲ್ಲಿ ಅಲ್ವಾ? ಒಂದೊಂದು ಮನೆಯೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.