ರಬ್ಬರ್ ಬೆರೆತ ಪ್ಲಾಸ್ಟಿಕ್ ಎಷ್ಟು ಬಿಗಿ?

ಪ್ರಶ್ನೆ: ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ತೂಕದಲ್ಲಿ ಶೇ 30ರಷ್ಟು ಇಪಿಡಿಎಂ (ಒಂದು ಬಗೆಯ ಕೃತಕ) ರಬ್ಬರ್ ಬೆರೆಸಿದರೆ ಬಿಗಿತ ಎಷ್ಟಿರುತ್ತದೆಂದು ಮೊದಲೇ ಲೆಕ್ಕ ಹಾಕಬಹುದೇ?

ಉತ್ತರ: ನಿಖರವಾಗಿ ಅಲ್ಲ, ಮಿತಿಗಳನ್ನು ಹಾಕಬಹುದು. ತೂಕದ ಪ್ರಮಾಣವನ್ನು ಸಾಂದ್ರತೆಯಿಂದ ಭಾಗಿಸಿ ಮೊದಲು ಗಾತ್ರದ ಪ್ರಮಾಣಕ್ಕೆ ತನ್ನಿ. ಹೆಚ್ಚಿನವರು ಎಡವುವುದು ಇಲ್ಲೇ. ಪ್ಲಾಸ್ಟಿಕ್‌ನ ಮಾಡ್ಯುಲಸ್ (ಬಿಗಿತದ ಅಳತೆ) 1,500, ರಬ್ಬರ್‌ನದು 5 ಮೆಗಾಪಾಸ್ಕಲ್, ಗಾತ್ರದ ಪಾಲು 0.7 ಮತ್ತು 0.3 ಎಂದಿಟ್ಟುಕೊಳ್ಳಿ. ಎರಡೂ ಸಮಾನಾಂತರವಾಗಿ ಭಾರ ಹೊತ್ತರೆ ಸುಮಾರು 1,050. ಒಂದರ ಮೇಲೊಂದು ಪದರವಾಗಿ ಹೊತ್ತರೆ ಬರೀ 16.5! ಇಷ್ಟು ಅಗಲದ ಅಂತರ ಯಾರಿಗೂ ಉಪಯೋಗವಿಲ್ಲ, ನಿಜ. ಆದರೆ ಪ್ಲಾಸ್ಟಿಕ್ ಎಡೆಬಿಡದೆ ಹಬ್ಬಿ, ರಬ್ಬರ್ ಹನಿಗಳಾಗಿ ಚದುರಿದ್ದರೆ ಅಳತೆ ಮೇಲಿನ ಮಿತಿಯತ್ತ ವಾಲುತ್ತದೆ. ರಬ್ಬರ್ ಹೆಚ್ಚಿಸುತ್ತ ಹೋಗಿ ಅದೇ ಹಬ್ಬುವ ಹಂತ ಬಂದರೆ ಬಿಗಿತ ದಿಢೀರನೆ ಕುಸಿಯುತ್ತದೆ.

ಹರಿದುಹೋಗದಂತೆ ತಡೆಯುವ ಬಲಕ್ಕೆ ಈ ಲೆಕ್ಕ ಹಚ್ಚಬೇಡಿ. ಅದನ್ನು ಹೆಚ್ಚಾಗಿ ನಿರ್ಧರಿಸುವುದು ರಬ್ಬರ್ ಹನಿಗಳ ಗಾತ್ರ ಮತ್ತು ಹನಿಗಳ ಅಂಚು ಪ್ಲಾಸ್ಟಿಕ್‌ಗೆ ಎಷ್ಟು ಅಂಟಿದೆ ಎಂಬುದು.